ದಾಟಿಸೂದು ಅಂದ್ರೆ ಬಿಡೂದಲ್ಲ

ನಿವೃತ್ತಿಯಾದ ಮೇಲೆ ನನ್ನನ್ನು ಬೆಚ್ಚಿಬೀಳಿಸುವಂಥದ್ದು ಇನ್ನೇನೂ ಉಳಿದಿಲ್ಲ ಎಂದುಕೊಂಡಿದ್ದೆ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನಲ್ಲಿ ಪಶುವೈದ್ಯೆಯಾಗಿ ತಿರುಗಿದವಳು ನಾನು. ಎಮ್ಮೆಯ ಹೊಟ್ಟೆಯಿಂದ ಬಲೆಯ ತುಂಡು, ಸೀರೆಯ ಸೆರಗು, ಒಮ್ಮೆ ಮೊಬೈಲ್ ಚಾರ್ಜರು ಕೂಡ ತೆಗೆದಿದ್ದೇನೆ. ಊರವರು ನನ್ನನ್ನು ದನದ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು, ಈಗಲೂ ಹಾಗೇ ಕರೆಯುತ್ತಾರೆ. ಪಿಂಚಣಿ ತೆಗೆದುಕೊಳ್ಳುವವಳಿಗೆ ಆ ಹೆಸರು ಯಾಕೆ ಎಂದು ನಾನೂ ಜಗಳ ತೆಗೆಯಲು ಹೋಗಿಲ್ಲ.

ಮೊನ್ನೆ ನಾಗಶ್ರೀ ಫೋನು ಮಾಡಿದಳು. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ, ಈಗ ಹೊನ್ನಾವರದ ಕಡೆ ಪಶುವೈದ್ಯೆ.

"ಮೇಡಂ, ಸಾಕುಪ್ರಾಣಿಗಳ ಬಗ್ಗೆ ರಾಜ್ಯದಲ್ಲಿ ಹೊಸ ಕಾಯ್ದೆ ತರುವ ವಿಚಾರ ಇದೆಯಂತೆ. ಕರಡು ಬಂದಿದೆ. ಜನರ ಅಭಿಪ್ರಾಯ ಕೇಳಿ ಮೇಲೆ ಕಳಿಸಬೇಕು, ಸಭೆ ಇಟ್ಟಿದ್ದೇವೆ. ನೀವು ಬಂದು ನಾಲ್ಕು ಮಾತು ಹೇಳಬೇಕು."

"ನಾನು ಬಾಯಿ ತೆಗೆದರೆ ನಾಲ್ಕಕ್ಕೆ ನಿಲ್ಲೂದಿಲ್ಲ. ನಿಂಗೆ ಗೊತ್ತುಂಟಲ್ಲ?" ಎಂದೆ.

"ಗೊತ್ತಿದ್ದೇ ಕರೆದದ್ದು ಮೇಡಂ. ಬೇರೆಯವರು ಬಂದರೆ ಎಲ್ಲರಿಗೂ ಅಭಿನಂದನೆ ಹೇಳಿ ಚಾ ಕುಡಿದು ಹೋಗ್ತಾರೆ."

ಅವಳು ವಾಟ್ಸಾಪಿನಲ್ಲಿ ಕಳಿಸಿದ ಕರಡನ್ನು ಕನ್ನಡಕ ಏರಿಸಿಕೊಂಡು ಓದಿದೆ. ಚಂದಕ್ಕೆಂದು ನಾಯಿಯ ಕಿವಿ, ಬಾಲ ಕತ್ತರಿಸಬಾರದು. ಬೊಗಳದ ಹಾಗೆ ಗಂಟಲಿಗೆ ಕತ್ತರಿ ಹಾಕಬಾರದು. ದಿನವಿಡೀ ಮೊಳದುದ್ದದ ಸರಪಳಿಯಲ್ಲಿ ಕಟ್ಟಿಡಬಾರದು. ಹಾಲು ಬಿಡದ ಮರಿ ಮಾರಬಾರದು. ಸಾಕಿದ ಪ್ರಾಣಿಯನ್ನು ಪರಿತ್ಯಜಿಸಬಾರದು. ನಾಯಿ ಬೆಕ್ಕಿಗೆ ಅದರಲ್ಲಿ ಒಡನಾಡಿ ಪ್ರಾಣಿ ಎಂದು ಹೆಸರು. ಓದುತ್ತಿದ್ದಾಗ ನನ್ನ ಒಡನಾಡಿ ಪ್ರಾಣಿ ಕಾಲಬುಡದಲ್ಲಿ ಮಲಗಿ ನನ್ನ ಚಪ್ಪಲಿಯ ಪಟ್ಟಿ ಅಗಿಯುತ್ತಿತ್ತು.

ಅವನ ಹೆಸರು ಬಬ್ಲು. ಬಿಳಿ ಪೊಮೆರೇನಿಯನ್. ಗೇಟಿನಲ್ಲಿ ಪೋಸ್ಟಿನವ ಬಂದರೆ ಎದ್ದು ಓಡುತ್ತಾನೆ, ಬಾಯಿ ತೆಗೆಯುತ್ತಾನೆ, ಪಕ್ಕೆ ಎರಡೂ ಅಲ್ಲಾಡುತ್ತವೆ, ಮುಂಗಾಲು ನೆಲದಿಂದ ಮೇಲೇಳುತ್ತದೆ. ಸದ್ದು ಮಾತ್ರ ಬರುವುದಿಲ್ಲ. ಹತ್ತಿರ ಕಿವಿ ಇಟ್ಟರೆ ಸೈಕಲ್ ಪಂಪಿನ ಉಸಿರಿನಂಥದ್ದೊಂದು ಕೇಳುತ್ತದೆ, ಅಷ್ಟೇ.

ಬಬ್ಲುವಿಗೆ ಆದದ್ದರಲ್ಲಿ ಅರ್ಧ ಆ ಕರಡಿನಲ್ಲಿ ಇತ್ತು. ಉಳಿದರ್ಧ ಇರಲಿಲ್ಲ, ಯಾಕೆಂದರೆ ಅದಕ್ಕೆ ನಮ್ಮ ಕರಾವಳಿಯಲ್ಲಿ ಬೇರೆಯೇ ಶಬ್ದ ಇದೆ. ಆ ಶಬ್ದವನ್ನು ಕರಡಿನಲ್ಲಿ ಸೇರಿಸಿಯೇ ಬರಬೇಕು ಎಂದು ಅವತ್ತೇ ನಿಶ್ಚಯ ಮಾಡಿದೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಆ ಶಬ್ದದ ಕತೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು ಎನ್ನುವುದರಿಂದ ನಿಮಗೆ ಮೂರು ಕಾಸಿನ ಉಪಯೋಗ ಇಲ್ಲ.

ನಾನು ಕುಮಟೆಯಲ್ಲಿ ಕೆಲಸಕ್ಕೆ ಸೇರಿದಾಗ ನಾಯಿ ಎನ್ನುವುದು ಪೇಷಂಟ್ ಆಗಿರಲೇ ಇಲ್ಲ. ನಮ್ಮ ಮೇಲಧಿಕಾರಿಯೊಬ್ಬರಿದ್ದರು, ಬೋಳುತಲೆಯ ಘನಸ್ತಿಕೆಯ ಮನುಷ್ಯ. ನಾನು ಒಂದು ನಾಯಿಯ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಾಗ ಹಿಂದೆ ಬಂದು ನಿಂತರು.

"ಇದು ಎಷ್ಟು ಲೀಟರ್ ಕೊಡ್ತದೆ?" ಎಂದು ಕೇಳಿದರು.

ನನಗೆ ತಿಳಿಯಲಿಲ್ಲ. "ಸರ್, ಇದು ನಾಯಿ" ಎಂದೆ.

"ಅದು ನಂಗೂ ಕಾಣ್ತದೆ. ಸರಕಾರ ನಿನಗೆ ಸಂಬಳ ಕೊಡೂದು ಹಾಲು ಕೊಡೂ ಪ್ರಾಣಿ ನೋಡೂಕೆ. ಆ ಪಟ್ಟಿ ಹಸುವಿನ ಲೆಕ್ಕದ್ದು."

ಅವರು ಕೆಟ್ಟವರಲ್ಲ. ಎಮ್ಮೆಗೆ ಕರು ಅಡ್ಡ ಸಿಕ್ಕಿದೆ ಎಂದರೆ ಊಟದ ತಟ್ಟೆ ಬಿಟ್ಟು ಎದ್ದು ಬರುತ್ತಿದ್ದರು, ಮಳೆ ಚಳಿ ನೋಡುತ್ತಿರಲಿಲ್ಲ. ಆದರೆ ಅವರ ಲೋಕದಲ್ಲಿ ನಾಯಿಗೆ ನೋವಾಗುತ್ತದೆ ಎನ್ನುವ ವಿಚಾರವೇ ಇರಲಿಲ್ಲ. ನಾನು ಅವತ್ತು ಬಾಯಿ ಮುಚ್ಚಿಕೊಂಡು ಆ ಪಟ್ಟಿ ಪೂರ್ತಿ ಕಟ್ಟಿದೆ. ಅವರು ಹೋದಮೇಲೆ ಗಂಟೊಂದನ್ನು ಹೆಚ್ಚಿಗೆ ಹಾಕಿದೆ.

ಗಂಟಿನ ಮಾತು ಬಂತು, ನನ್ನ ಒಂದು ಫಜೀತಿಯನ್ನೂ ಹೇಳಿಬಿಡುತ್ತೇನೆ. ಕಚ್ಚುವ ನಾಯಿಗೆ ಬ್ಯಾಂಡೇಜಿನ ಕುಣಿಕೆಯಿಂದ ಮೂತಿ ಕಟ್ಟಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಹೊನ್ನಾವರದಲ್ಲಿ ಮೊದಲ ಸಲ ಒಬ್ಬರು ಪಗ್ ತಂದರು. ನಾನು ಕುಣಿಕೆ ಮಾಡಿಕೊಂಡು ಜೋರಿನಲ್ಲಿ ಹೋದೆ, ನೋಡಿದರೆ ಕಟ್ಟುವುದಕ್ಕೆ ಅದಕ್ಕೆ ಮೂತಿಯೇ ಇಲ್ಲ. ಮುಖ ಎಲ್ಲ ಕಣ್ಣು, ಸುಕ್ಕು. ಕುಣಿಕೆ ಹಿಡಿದುಕೊಂಡು ನಾನು ಅತ್ತ ಇತ್ತ ನೋಡುವಷ್ಟರಲ್ಲಿ ಅದು ನನ್ನ ಹೆಬ್ಬೆರಳು ಹಿಡಿದಿತ್ತು. ಯಜಮಾನರು ಮಾತ್ರ "ಅದು ಹಾಗೆಲ್ಲ ಕಚ್ಚೂ ಜಾತಿಯಲ್ಲ ಮೇಡಂ" ಎನ್ನುತ್ತಲೇ ಇದ್ದರು.

ಆಮೇಲೆ ಬಾಲದ ಕಾಲ ಬಂತು. ಒಂದಷ್ಟು ವರ್ಷ ಎಲ್ಲಿ ನೋಡಿದರೂ ಡಾಬರ್‌ಮನ್ ಹುಚ್ಚು. ಕುಮಟೆಯ ಒಬ್ಬ ಅಂಗಡಿಯವರು ಆಗಷ್ಟೇ ಕಣ್ಣು ಬಿಟ್ಟಿದ್ದ ಮರಿ ಒಂದನ್ನು ಟವೆಲಿನಲ್ಲಿ ಸುತ್ತಿ ತಂದರು. ಬಾಲದ ಬುಡ ಕಪ್ಪಾಗಿ, ವಾಸನೆ ಬಂದು, ಹುಳ ಹಿಡಿದಿತ್ತು. ಏನಾಯಿತೆಂದು ಕೇಳಿದರೆ ಏನೂ ಇಲ್ಲ, ಚಂದ ಆಗಲಿ ಎಂದು ರಬ್ಬರ್ ಬ್ಯಾಂಡ್ ಹಾಕಿದ್ದೆವು, ತನ್ನಷ್ಟಕ್ಕೆ ಉದುರುತ್ತದೆ ಎಂದು ಯಾರೋ ಹೇಳಿದ್ದರು ಎಂದರು. ಆ ಮನುಷ್ಯ ತನ್ನ ಮಗುವಿನ ಕಿವಿ ಚುಚ್ಚಿಸುವಾಗ ಅತ್ತವರು, ನಾನೇ ನೋಡಿದ್ದೆ. ಮರಿಯ ಬಾಲಕ್ಕೂ ತನ್ನ ಮಗುವಿನ ಕಿವಿಗೂ ಅವರ ತಲೆಯಲ್ಲಿ ಸಂಬಂಧವೇ ಇರಲಿಲ್ಲ. ಮರಿ ಉಳಿಯಿತು. ನಾನು ಅವರಿಗೆ ಬೈದ ಬೈಗುಳಕ್ಕೆ ಅವರು ಎರಡು ಮಳೆಗಾಲ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ಬರೀ ಇಂಥದ್ದೇ ಎಂದು ತಿಳಿಯಬೇಡಿ. ಭಟ್ಕಳದಲ್ಲಿದ್ದಾಗ ಒಬ್ಬರು ಅಜ್ಜಿ ಬರುತ್ತಿದ್ದರು. ಮನೆಮಾತು ನವಾಯತಿ, ನನ್ನ ಹತ್ತಿರ ಉರ್ದು ಬೆರೆಸಿದ ಕನ್ನಡ. ಅವರ ಮನೆಯವರು ದುಬೈಯಿಂದ ಬರುವಾಗ ಒಂದು ಪರ್ಷಿಯನ್ ಬೆಕ್ಕನ್ನು ಜೊತೆಗೆ ತಂದಿದ್ದರು. ಅಜ್ಜಿ ಬೆಕ್ಕನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಒಂದು ನೀಲಿ ಪುಸ್ತಕ ಇಟ್ಟರು.

"ಇದು ಎಂತದು ಅಜ್ಜಿ?"

"ಬಿಲ್ಲೀದು ಪಾಸ್‌ಪೋರ್ಟ್ ಬೇಟಿ. ನಿಂದು ಉಂಟಾ?"

ನನ್ನದು ಇರಲಿಲ್ಲ. ಈಗಲೂ ಇಲ್ಲ. ಅಜ್ಜಿ ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಬೆಕ್ಕಿಗೆ ನಮ್ಮ ಸೆಕೆ ಆಗಿಬರದೆ ಮೈಮೇಲೆ ಕೂದಲು ಗಂಟುಗಟ್ಟಿ, ಅಡಿಯಲ್ಲಿ ಹುಣ್ಣಾಗಿತ್ತು. ಪೂರ್ತಿ ಬೋಳಿಸಿ ಕಳಿಸಿದೆ. ಅಜ್ಜಿ ಅದಕ್ಕೆ ಮೊಮ್ಮಗಳ ಹಳೇ ಫ್ರಾಕಿನಿಂದ ಅಂಗಿ ಹೊಲಿದು ಹಾಕಿ ತೋರಿಸಲು ಕರೆತಂದರು. ಮನೆಯವರು ವಾಪಸು ದುಬೈಗೆ ಹೊರಟಾಗ ಬೆಕ್ಕನ್ನು ಎಲ್ಲಾದರೂ ಬಿಟ್ಟು ಬರೋಣ ಎಂದರಂತೆ. ಸಮುದ್ರ ದಾಟಿಸಿ ತಂದವರು ನೀವು, ಇನ್ನು ಅದು ಎಲ್ಲಿಗೆ ಹೋಗಬೇಕು ಎಂದು ಅಜ್ಜಿ ಅದನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡರು.

ದಾಟಿಸುವುದು. ನಾನು ಹೇಳಬೇಕೆಂದ ಶಬ್ದ ಇದೇ.

ನಮ್ಮಲ್ಲಿ ಹೊಳೆಗಳು ಜಾಸ್ತಿ. ಮನೆಯ ನಾಯಿಗೆ ವಯಸ್ಸಾಯಿತು, ಕೋಳಿ ಹಿಡಿಯುವುದು ಕಲಿಯಿತು, ಬೆಕ್ಕು ಮರಿ ಮೇಲೆ ಮರಿ ಹಾಕಿತು ಎಂದರೆ ಜನ ಅದನ್ನು ಕೊಲ್ಲುವುದಿಲ್ಲ. ಕೊಂದರೆ ಪಾಪ. ಬೆಕ್ಕಾದರೆ ಗೋಣಿಯಲ್ಲಿ ಹಾಕಿ, ದಿಕ್ಕು ತಪ್ಪಲಿ ಎಂದು ಗೋಣಿಯನ್ನು ಗರಗರ ತಿರುಗಿಸಿ, ದೋಣಿಯಲ್ಲಿ ಆಚೆ ದಡಕ್ಕೆ ಕಳಿಸುತ್ತಾರೆ. ನಾಯಿಗೆ ಹೊಟ್ಟೆ ತುಂಬ ಮೀನುಸಾರು ಅನ್ನ ಹಾಕಿ, ಹಣೆ ಸವರಿ, ಅದೇ ದೋಣಿ ಹತ್ತಿಸುತ್ತಾರೆ. ನೀರು ದಾಟಿದ ಪ್ರಾಣಿ ವಾಸನೆ ಹಿಡಿದು ಮರಳಿ ಬರಲಾರದು ಎಂದು ನಂಬಿಕೆ. ಅದಕ್ಕೆ ದಾಟಿಸೂದು ಎಂದು ಹೆಸರು. ಹೆಣ್ಣುಮಕ್ಕಳು ಆವತ್ತು ಸಂಜೆ ಉಣ್ಣದೆ ಮಲಗುವುದೂ ಉಂಟು. ಯಾರೂ ಅದನ್ನು ಮುಚ್ಚಿಡುವುದಿಲ್ಲ, ಮಗಳನ್ನು ಗಂಡನ ಮನೆಗೆ ಕಳಿಸಿದ ದನಿಯಲ್ಲಿ ಹೇಳುತ್ತಾರೆ.

ನಾನೂ ಈ ಮಾತು ಕೇಳಿ ಕೇಳಿ ಬೆಳೆದವಳು. ಅದರ ಒಳಗೆ ಏನಿದೆ ಎಂದು ಇಣುಕಿ ನೋಡುವ ಪ್ರಸಂಗ ಬಂದಿರಲಿಲ್ಲ.

ನನ್ನ ಕೊನೆಯ ಪೋಸ್ಟಿಂಗು ಹೊನ್ನಾವರದಲ್ಲಿ. ಅಷ್ಟರಲ್ಲಿ ಕೆಲಸ ಪೂರ್ತಿ ಬದಲಾಗಿತ್ತು. ಗಾಜಿನ ಸಿರಿಂಜು ಕುದಿಸುವುದು ಹೋಗಿತ್ತು. ಜನ ಮೊದಲು ಫೋಟೋ ಕಳಿಸುತ್ತಿದ್ದರು, ಆಮೇಲೆ ತಾವೇ ಇಂಟರ್‌ನೆಟ್ಟಿನಲ್ಲಿ ಓದಿದ ರೋಗದ ಹೆಸರು ಕಳಿಸುತ್ತಿದ್ದರು, ಕೊನೆಗೆ ಪ್ರಾಣಿಯನ್ನು ತರುತ್ತಿದ್ದರು. ಒಳಗಿನ ತೋಟದ ಊರಿನ ಒಬ್ಬ ಅಮ್ಮ ಮಾತ್ರ ಫೋನಿನಲ್ಲಿ "ನಮ್ಮನೆ ಬೆಕ್ಕಿಗೆ ಎಂತೋ ಆಜು ಡಾಕ್ಟ್ರೇ, ನಿನ್ನೆಯಿಂದ ಉಂಡಿದ್ದಿಲ್ಲೆ" ಎಂದು ಹೇಳಿ ಇಡುತ್ತಿದ್ದರು. ನನಗೆ ಅಷ್ಟೇ ಸಾಕಾಗುತ್ತಿತ್ತು.

ಅಲ್ಲಿ ಪ್ರಭಾಕರ ಸರ್ ಎಂಬವರಿದ್ದರು, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಊರಿನ ಯಾವ ಸಭೆಯಾದರೂ ಅವರ ಭಾಷಣ ಇರಲೇಬೇಕು. ಹೆಂಡತಿ ಸುಮತಿ ಅಕ್ಕ ಕಡಿಮೆ ಮಾತಿನವರು. ಬಬ್ಲು ಅವರ ನಾಯಿ. ಲಸಿಕೆಗೆ ತಂದಾಗಲೆಲ್ಲ ಸುಮತಿ ಅಕ್ಕ ಅವನನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಳ್ಳುತ್ತಿದ್ದರು, ಅವನು ಅಲ್ಲಿಂದಲೇ ಇಡೀ ಆಸ್ಪತ್ರೆ ಹಾರಿಹೋಗುವ ಹಾಗೆ ಬೊಗಳುತ್ತಿದ್ದ.

ಒಂದು ದಿನ ಸರ್ ಒಬ್ಬರೇ ಬಂದರು. ಕುಳಿತು, ಹವಾಮಾನದ ಮಾತಾಡಿ, ಗಂಟಲು ಸರಿಮಾಡಿಕೊಂಡರು.

"ಮೇಡಂ, ನಾಯಿಯ ಸ್ವರ ತೆಗೆಯಲು ಬರುತ್ತದಂತಲ್ಲ?"

"ಎಂತ ಅಂದ್ರಿ?"

"ಸಣ್ಣ ಆಪರೇಷನ್ ಅಂತೆ. ಪಕ್ಕದ ಮನೆಯವರು ದಿನಾ ತಕರಾರು. ನನಗೂ ಓದಲು ಬರೆಯಲು ಆಗುವುದಿಲ್ಲ. ನಾಯಿಗೆ ನೋವಾಗುವುದಿಲ್ಲ ಎಂದು ಓದಿದ್ದೇನೆ."

ನನಗೆ ಒಂದು ಕ್ಷಣ ಕಿವಿಯೇ ಕೆಟ್ಟಿತೋ ಎನ್ನಿಸಿತು. ಇಷ್ಟು ಮೃದುವಾಗಿ, ಇಷ್ಟು ಒಳ್ಳೆಯ ಕನ್ನಡದಲ್ಲಿ ಕೇಳುತ್ತಿದ್ದಾರೆ, ಕೇಳುತ್ತಿರುವುದು ಇಂಥದ್ದು. "ಸರ್, ಪಕ್ಕದ ಮನೆಯವರು ನಿಮ್ಮ ಭಾಷಣಕ್ಕೂ ತಕರಾರು ಮಾಡಿದರೆ ಎಂತ ಮಾಡ್ತ್ರಿ?" ಎಂದೆ. ಅವರ ಮುಖ ಕೆಂಪಾಯಿತು. ನಾಯಿಯನ್ನು ದಿನಕ್ಕೆರಡು ಸಲ ಸುತ್ತಾಡಿಸಿ, ಗೇಟಿನಿಂದ ದೂರ ಕಟ್ಟಿ, ಒಂಟಿ ಬಿಡಬೇಡಿ, ಬೊಗಳುವುದು ಅರ್ಧ ಕಡಿಮೆಯಾಗುತ್ತದೆ ಎಂದು ಆಮೇಲೆ ಸಮಾಧಾನದಿಂದಲೇ ಹೇಳಿದೆ. ಅವರು ತಲೆಯಾಡಿಸಿ ಎದ್ದು ಹೋದರು.

ಮುಂದಿನ ಲಸಿಕೆಗೆ ಬಬ್ಲು ಬರಲಿಲ್ಲ. ಪೇಟೆಯಲ್ಲಿ ಸಿಕ್ಕಾಗ ಸುಮತಿ ಅಕ್ಕನನ್ನು ಕೇಳಿದೆ. ಅವರು ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

"ದೂರದ ಊರಿನ ಖಾಸಗಿ ಡಾಕ್ಟರ ಹತ್ತಿರ ಎಂತದೋ ಮಾಡಿಸಿಕೊಂಡು ಬಂದ್ರು. ಆಮೇಲೆ ಅವನು ಬೊಗಳಲೇ ಇಲ್ಲ. ಬೊಗಳದ ನಾಯಿ ಮನೆ ಕಾಯೂಕೆ ಆಗೂದಿಲ್ಲ ಅಂತ ಇವರು ಹೊಳೆ ದಾಟಿಸಿದ್ರು. ಆಚೆ ದಡದಲ್ಲಿ ಯಾರದೋ ದೊಡ್ಡ ಮನೆಯಂತೆ, ಮಕ್ಕಳಿದ್ದಾರಂತೆ. ಆರಾಮಿದ್ದಾನಂತೆ."

ಅಂತೆ, ಅಂತೆ, ಅಂತೆ. ಹೇಳುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಹೌದು ಎನ್ನಲಿ ಎಂದು. ನಾನು ಹೌದೆಂದೆ.

ಅದಾಗಿ ಒಂದು ಮಳೆಗಾಲ ಕಳೆದಿರಬೇಕು. ಹೊಳೆಯಂಚಿನ ಮಾವಿನಕುರ್ವೆಯಲ್ಲಿ ನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕುವ ಶಿಬಿರ ಇತ್ತು. ನಾಗಶ್ರೀಯೂ ಜೊತೆಗಿದ್ದಳು. ಮುಗಿಸಿ ಆಚೆ ದಡದಲ್ಲಿ ಒಂದು ಆಕಳು ನೋಡಬೇಕಿತ್ತು. ಸೇತುವೆ ಸುತ್ತಿ ಹೋಗುವುದಕ್ಕಿಂತ ದೋಣಿ ಹತ್ತಿರ ಎಂದು ಗಣಪುವಿನ ದೋಣಿ ಹತ್ತಿದೆವು. ಗಣಪು ಮೀನಿನ ಜೊತೆಗೆ ಜನರನ್ನೂ ದಾಟಿಸುವ ಅಂಬಿಗ, ಬಾಯಲ್ಲಿ ಸದಾ ಎಲೆಯಡಿಕೆಯ ಕವಳ. ಅರ್ಧ ಹೊಳೆಗೆ ಬಂದಾಗ ನನ್ನ ಮಡಿಲಿನ ಐಸ್ ಪೆಟ್ಟಿಗೆ ನೋಡಿ ಕೇಳಿದ.

"ಡಾಕ್ಟ್ರಮ್ಮ, ಸೂಜಿ ಮದ್ದು ಮಿಕ್ಕಿತಾ? ಆ ದಿಬ್ಬದ ಮೇಲೂ ನಾಯಿಗಳವೆ. ಅವ್ಕೂ ಹಾಕ್ತ್ರಾ?"

ಅವನು ತೋರಿಸಿದ ಕಡೆ ಹೊಳೆಯ ನಡುವೆ ಒಂದು ಮರಳುದಿಬ್ಬ. ಹೆಸರಿಲ್ಲ, ಮನೆಯಿಲ್ಲ, ಉಪ್ಪುನೀರಿನಲ್ಲಿ ಬೆಳೆಯುವ ಒಂದಿಷ್ಟು ಕಾಂಡ್ಲಾ ಗಿಡ, ಕೇದಗೆ ಪೊದೆ. ನೀರಿನ ಇಳಿತದಲ್ಲಿ ಬಳಚು ಚಿಪ್ಪು ಆರಿಸಲು ಹೆಂಗಸರು ಇಳಿಯುವ ಜಾಗ.

"ಅಲ್ಲಿ ನಾಯಿ ಎಲ್ಲಿಂದ ಬಂತು ಗಣಪು?"

"ನಾನೇ ಇಳಿಸಿದ್ದು. ಮತ್ತೆ ಎಂತ ಮಾಡೂದು? ಮೊದಲು ಈಚೆಯವರದ್ದು ಆಚೆ ದಡಕ್ಕೆ ದಾಟಿಸ್ತಿದ್ದೆ. ಆಚೆಯವರದ್ದು ಈಚೆಗೆ. ಈಗ ಎರಡೂ ದಡದವರು ಜಗಳಕ್ಕೆ ಬಂದ್ರು, ನಿಮ್ಮ ನಾಯಿ ನಮಗೆ ಎಂತಕ್ಕೆ ಅಂತ. ಯಾರಿಗೂ ಬೇಜಾರು ಬೇಡ ಅಂತ ಮಧ್ಯದಲ್ಲಿ ಇಳಿಸೂದು."

ಅವನ ದನಿಯಲ್ಲಿ ಅಳುಕಿಲ್ಲ. ಎರಡೂ ಕಡೆಯ ವ್ಯಾಜ್ಯ ಬಗೆಹರಿಸಿದ ಸಮಾಧಾನ ಇತ್ತು. ನಾಗಶ್ರೀ ನನ್ನ ಕೈ ಹಿಡಿದುಕೊಂಡಳು. ದೋಣಿ ತಿರುಗಿಸು ಎಂದೆ.

ದೋಣಿ ಕಂಡದ್ದೇ ಅವು ನೀರಿಗೆ ಇಳಿದು ಬಂದವು. ಎಷ್ಟಿದ್ದವೋ ನಾನು ಎಣಿಸಲಿಲ್ಲ. ಪಕ್ಕೆಲುಬಿನ ಮೇಲೆ ಬರೀ ತೊಗಲು. ಒಂದರ ಕುತ್ತಿಗೆಯಲ್ಲಿ ಮನೆಯವರು ಕಟ್ಟಿದ ಗೆಜ್ಜೆ ಇನ್ನೂ ಇತ್ತು, ನಡೆದಾಗ ಸದ್ದು ಮಾಡುತ್ತಿತ್ತು. ಕೇದಗೆಯ ಅಡಿಯಲ್ಲಿ ಉಳಿದವು ಹೇಗಿದ್ದವು ಎನ್ನುವುದನ್ನು ನಾನು ಬರೆಯುವುದಿಲ್ಲ. ಬದುಕಿದ್ದವು ಏಡಿ, ಸತ್ತ ಮೀನು ತಿಂದು, ಹೊಂಡದ ಮಳೆನೀರು ಕುಡಿದು ಜೀವ ಹಿಡಿದಿದ್ದವು. ಅವುಗಳಲ್ಲಿ ಒಂದೂ ನಮ್ಮನ್ನು ಕಚ್ಚಲು ಬರಲಿಲ್ಲ. ಎಲ್ಲವೂ ಬಾಲ ಅಲ್ಲಾಡಿಸುತ್ತಿದ್ದವು, ನಾವು ಕರೆದುಕೊಂಡು ಹೋಗಲು ಬಂದವರು ಎಂದು.

ದಿಬ್ಬದ ತುದಿಯಲ್ಲಿ ಒಂದು ಕೊಳೆಯಾದ ಬಿಳಿ ನಾಯಿ ನಿಂತಿತ್ತು. ಮುಂಗಾಲೆತ್ತಿ ಬಾಯಿ ತೆಗೆದು ಮುಚ್ಚುತ್ತಿತ್ತು. ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದೆ ಎಂದುಕೊಂಡು ಹೋಗಿ ದವಡೆ ಬಿಡಿಸಿ ಟಾರ್ಚು ಹಾಕಿದೆ. ಮುಳ್ಳು ಇರಲಿಲ್ಲ. ಕತ್ತರಿ ಹಾಕಿ ಮಾಯ್ದ ಗಾಯದ ಕಲೆ ಇತ್ತು. ಬಬ್ಲು ಅಷ್ಟು ಹೊತ್ತೂ ನನ್ನನ್ನು ಗುರುತು ಹಿಡಿದು ಬೊಗಳುತ್ತಿದ್ದ.

"ಇದೊಂದು ಕೂಗೂದೇ ಇಲ್ಲ ಡಾಕ್ಟ್ರಮ್ಮ" ಎಂದ ಗಣಪು. "ಬೇರೆಯವು ಕೂಗಿದರೆ ಮೀನಿನ ದೋಣಿಯವರು ಎಂತಾದರೂ ಎಸೀತ್ರು. ಇದು ಸುಮ್ನೆ ನಿಂತೇ ಇರ್ತದೆ ಅಂತ ನಾವು ತಿಳ್ಕೊಂಡಿದ್ವು."

ಗಣಪುವಿಗೆ ಅವತ್ತು ನಾನು ಬೈಯಲಿಲ್ಲ. "ಬಿಟ್ಟು ಬಂದಿದ್ದೀಯಲ್ಲ ಗಣಪು" ಎಂದಷ್ಟೇ ಹೇಳಿದೆ. ಅವನು ನಿಜವಾಗಿ ನೊಂದುಕೊಂಡ. "ಬಿಡೂದು ಬೇರೆ, ದಾಟಿಸೂದು ಬೇರೆ ಡಾಕ್ಟ್ರಮ್ಮ. ನಾವು ಯಾರೂ ಬಿಟ್ಟದ್ದಲ್ಲ" ಎಂದ.

ಅವುಗಳನ್ನು ಈಚೆ ದಡಕ್ಕೆ ತಂದು, ಚಿಕಿತ್ಸೆ ಮಾಡಿ, ಒಂದೊಂದಕ್ಕೂ ಮನೆ ಹುಡುಕುವಷ್ಟರಲ್ಲಿ ನಾಗಶ್ರೀ ಹೈರಾಣಾದಳು. ದೋಣಿ ಮಾತ್ರ ಗಣಪುವಿನದ್ದೇ, ಎಷ್ಟು ಸಲ ಕರೆದರೂ ಬಂದ. ನಾನು ಪೊಲೀಸ್ ಠಾಣೆಗೆ ಹೋಗಿ ಸಂಗತಿ ಹೇಳಿದೆ. ಅಲ್ಲಿದ್ದವರು ನಕ್ಕರು. ಹಳೆಯ ಕಾಯ್ದೆಯಲ್ಲಿ ಇದಕ್ಕೆ ದಂಡ ಒಂದು ಮಸಾಲೆದೋಸೆಯಷ್ಟೂ ಆಗುವುದಿಲ್ಲ ಮೇಡಂ, ಅದಕ್ಕೆ ಯಾರ ಮೇಲೆ ಕೇಸು ಹಾಕುವುದು ಎಂದರು. ಪ್ರಭಾಕರ ಸರ್‌ಗೆ ಫೋನು ಮಾಡಿದೆ. "ಅದು ನಮ್ಮದಲ್ಲ ಮೇಡಂ. ನಮ್ಮದು ಒಳ್ಳೆಯ ಮನೆಯಲ್ಲಿದೆ. ಬಿಳಿ ನಾಯಿಗಳೆಲ್ಲ ಒಂದೇ ಥರ ಕಾಣುತ್ತವೆ" ಎಂದು ಇಟ್ಟುಬಿಟ್ಟರು. ಸುಮತಿ ಅಕ್ಕನ ಮನೆಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ನಿವೃತ್ತಿಯ ದಿನ ಹಾರ, ಶಾಲು, ಬಬ್ಲು ಮೂರನ್ನೂ ತೆಗೆದುಕೊಂಡು ಕುಮಟೆಗೆ ಬಂದೆ.

ಇನ್ನು ಸಭೆಯ ವಿಷಯ.

ಬಬ್ಲುವನ್ನು ಒಂಟಿ ಬಿಟ್ಟರೆ ಅವನು ಉಗುರು ಕಿತ್ತು ರಕ್ತ ಬರುವ ತನಕ ಬಾಗಿಲು ಕೆರೆಯುತ್ತಾನೆ. ಹಾಗಾಗಿ ಎಲ್ಲಿಗೆ ಹೋದರೂ ಸ್ಕೂಟರಿನ ಮುಂದೆ ಅವನು ಇರಲೇಬೇಕು, ಸಭೆಗೂ ಬಂದ. ವೇದಿಕೆಯ ಮೇಲೆ ನನ್ನ ಕುರ್ಚಿಯ ಅಡಿಯಲ್ಲಿ ಮಲಗಿಸಿದೆ. ಜನ ಚೆನ್ನಾಗಿ ಸೇರಿದ್ದರು. ಹಿಂದಿನ ಸಾಲಿನಲ್ಲಿ ಗಣಪು ಕೂಡ ಇದ್ದ. ಹಿರಿಯರ ಪರವಾಗಿ ಮಾತಾಡಲು ಕರೆದದ್ದು ಪ್ರಭಾಕರ ಸರ್ ಅವರನ್ನು ಎನ್ನುವುದು ಅವರು ಬಂದು ಮುಂದಿನ ಸಾಲಿನಲ್ಲಿ ಕುಳಿತಾಗಲೇ ನನಗೆ ಗೊತ್ತಾದದ್ದು. ಪಕ್ಕದಲ್ಲಿ ಸುಮತಿ ಅಕ್ಕ. ವೇದಿಕೆಯ ಮೇಜಿಗೆ ನೆಲದ ತನಕ ಬಟ್ಟೆ ಹಾಸಿದ್ದರಿಂದ ನಾಯಿ ಅವರಿಗೆ ಕಾಣುವ ಹಾಗಿರಲಿಲ್ಲ.

ನಾಗಶ್ರೀ ಕರಡನ್ನು ಒಂದೊಂದಾಗಿ ಓದಿ ಹೇಳಿದಳು. ಪರಿತ್ಯಾಗದ ವಿಷಯ ಬಂದಾಗ, ನಮ್ಮಲ್ಲಿ ಈ ಸಮಸ್ಯೆ ಇದೆಯೇ ಎಂದು ಕೇಳಿದಳು. ಎಲ್ಲರೂ ಇಲ್ಲ ಎಂದು ತಲೆಯಾಡಿಸಿದರು. ಅದೆಲ್ಲ ಬೆಂಗಳೂರಿನವರ ಚಾಳಿ ಎಂದರು ಒಬ್ಬರು. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವವರು ಮನುಷ್ಯರೇ ಅಲ್ಲ ಎಂದರು ಇನ್ನೊಬ್ಬರು.

ನಾನು ಎದ್ದು ಮೈಕು ಹಿಡಿದೆ. "ಆತು. ಬಿಟ್ಟವರು ಯಾರೂ ಇಲ್ಲ. ದಾಟಿಸಿದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ" ಎಂದೆ.

ಕೈಗಳು ಎದ್ದವು. ನಗುನಗುತ್ತಾ ಎದ್ದವು. ನಮ್ಮ ಬೆಕ್ಕನ್ನು ಅಘನಾಶಿನಿ ಊರಿನಿಂದ ಆಚೆ ದಡದ ತದಡಿಗೆ ದಾಟಿಸಿದ್ದೆವು ಎಂದರು ಒಬ್ಬರು. ಅಲ್ಲಿ ಬಂದರಿನಲ್ಲಿ ಮೀನಿಗೆ ಬರಗಾಲವಿಲ್ಲ, ಪುಣ್ಯ ಮಾಡಿತ್ತು ಎಂದರು. ನಮ್ಮದು ಮುದಿ ನಾಯಿ, ದೋಣಿಯಲ್ಲಿ ಕುಳಿತು ತಿರುಗಿ ತಿರುಗಿ ನೋಡುತ್ತಿತ್ತು ಎಂದರು ಮತ್ತೊಬ್ಬರು. ಸಭೆಯ ಮುಕ್ಕಾಲು ಪಾಲು ಕೈ ಮೇಲಿತ್ತು. ನಾನು ಪಕ್ಕಕ್ಕೆ ತಿರುಗಿದೆ. ನಾಗಶ್ರೀಯ ಕೈಯೂ ಅರ್ಧ ಮೇಲೆ ಬಂದು ನಿಂತಿತ್ತು. "ಮೇಡಂ, ನಾನು ಸಣ್ಣವಳಿದ್ದಾಗ ಅಪ್ಪ... ಈಗ ನೆನಪಾಯ್ತು" ಎಂದಳು, ಮುಖ ಬಿಳಿಚಿಕೊಂಡು.

"ಈ ಶಬ್ದ ಕರಡಿನಲ್ಲಿ ಬರಬೇಕು" ಎಂದೆ. "ಪರಿತ್ಯಾಗ ಅಂದರೆ ನಮ್ಮಲ್ಲಿ ಯಾರಿಗೂ ತಾಗೂದಿಲ್ಲ. ಹೊಳೆ ದಾಟಿಸೂದು, ಗೋಣಿಯಲ್ಲಿ ಹಾಕಿ ಕಳಿಸೂದು ಅಂತ ಬಿಡಿಸಿ ಬರೀಬೇಕು." ಮರಳುದಿಬ್ಬದಲ್ಲಿ ಕಂಡದ್ದನ್ನು ಹೇಳಿದೆ. ಹೆಸರು ಯಾರದ್ದೂ ಹೇಳಲಿಲ್ಲ. ಗಣಪು ತಲೆ ತಗ್ಗಿಸಿದ. ಎತ್ತಿದ ಕೈಗಳು ಒಂದೊಂದಾಗಿ ಇಳಿದವು.

ಆಗ ಪ್ರಭಾಕರ ಸರ್ ವೇದಿಕೆಗೆ ಬಂದರು. ಮೈಕು ತೆಗೆದುಕೊಂಡು ಜನರ ಕಡೆ ಮುಖ ಮಾಡಿ ನಿಂತರು, ನನಗೆ ಅವರ ಬೆನ್ನು. ಕಾಯ್ದೆಯ ಭಾಷೆಗೆ ಒಂದು ಗಾಂಭೀರ್ಯ ಬೇಕು, ಇಂಥ ಆಡುಮಾತುಗಳನ್ನು ಅಲ್ಲಿ ತುರುಕಬಾರದು ಎಂದರು. ಪ್ರಾಣಿದಯೆ ನಮ್ಮ ರಕ್ತದಲ್ಲೇ ಇದೆ, ಮೂಕಜೀವಿಗಳ ದನಿಗೆ ಕಿವಿಗೊಡುವುದೇ ಸಂಸ್ಕೃತಿ ಎಂದರು. ಚೆನ್ನಾಗಿ ಮಾತಾಡಿದರು, ಸುಳ್ಳು ಹೇಳಬಾರದು.

ಆ ಸ್ವರ ಕೇಳಿ ನನ್ನ ಕುರ್ಚಿಯ ಅಡಿಯಲ್ಲಿ ಬಬ್ಲು ಎದ್ದ. ಹಗ್ಗ ನನ್ನ ಕೈಯಿಂದ ಜಾರಿತು. ಅವನು ಹೋಗಿ ಸರ್ ಹಿಂದೆ ನಿಂತು, ಮುಂಗಾಲೆತ್ತಿ, ಮೈಯೆಲ್ಲ ಕುಣಿಸಿ ಬೊಗಳತೊಡಗಿದ. ಬಾಯಿ ತೆಗೆದ, ಮುಚ್ಚಿದ, ಮತ್ತೆ ತೆಗೆದ. ಬಾಲ ನಿಲ್ಲುತ್ತಲೇ ಇರಲಿಲ್ಲ. ಇಡೀ ಸಭೆ ಅದನ್ನು ನೋಡುತ್ತಿತ್ತು. ಸರ್ ಮಾತ್ರ ಮೂಕಜೀವಿಗಳ ಬಗ್ಗೆ ಮಾತಾಡುತ್ತಲೇ ಇದ್ದರು. ತಿರುಗಿ ನೋಡಲು ಅವರಿಗೆ ಏನೂ ಕೇಳಿಸಲಿಲ್ಲವಲ್ಲ.

"ಬಬ್ಲು" ಎಂದರು ಸುಮತಿ ಅಕ್ಕ. ಎದ್ದು ನಿಂತಿದ್ದರು.

ಸರ್ ಮಾತು ನಿಲ್ಲಿಸಿ ಹಿಂದೆ ನೋಡಿದರು. ನಾಯಿ ಅವರ ಪಂಚೆಗೆ ಮುಖ ಒರೆಸುತ್ತಿತ್ತು.

"ಆಚೆ ದಡದ ಮನೆಯಲ್ಲಿ ಆರಾಮಿದ್ದಾನೆ ಅಂದಿದ್ರಿ" ಎಂದರು ಸುಮತಿ ಅಕ್ಕ. "ಡಾಕ್ಟ್ರಮ್ಮ ಹೇಳಿದ ದಿಬ್ಬದಲ್ಲಿ ಬಿಟ್ಟದ್ದಾ?"

"ಬಿಟ್ಟದ್ದಲ್ಲ" ಎಂದರು ಸರ್. ಸ್ವರ ಸಣ್ಣಗಾಗಿತ್ತು, ಆದರೆ ಮೈಕು ಬಾಯಿಯ ಹತ್ತಿರವೇ ಇತ್ತು. "ದಾಟಿಸಿದ್ದು."

ಅದು ಸಭಾಂಗಣದ ಎಲ್ಲ ಸ್ಪೀಕರುಗಳಲ್ಲಿ ಕೇಳಿಸಿತು. ನಾಗಶ್ರೀ ಪೆನ್ನು ತೆಗೆದು ಬರೆದುಕೊಂಡಳು. ಆ ಶಬ್ದ ಬೇಡ ಎಂದು ಆಮೇಲೆ ಯಾರೂ ಹೇಳಲಿಲ್ಲ. ಕರಡು ಮೇಲೆ ಹೋಗಿದೆ. ಅಲ್ಲಿಯವರು ಅದನ್ನು ಇಟ್ಟುಕೊಳ್ಳುತ್ತಾರೋ ಹೊಡೆದುಹಾಕುತ್ತಾರೋ ನನಗೆ ಗೊತ್ತಿಲ್ಲ.

ಸುಮತಿ ಅಕ್ಕ ನನ್ನ ಸ್ಕೂಟರಿನ ತನಕ ಬಂದರು. ಅವನನ್ನು ಕೊಡಿ ಎಂದು ಕೇಳಬಹುದು ಎಂದು ನಾನು ಕಾದೆ, ಕೇಳಲಿಲ್ಲ. "ಅವನಿಗೆ ಮೊಸರನ್ನ ಅಂದ್ರೆ ಜೀವ" ಎಂದರು. "ಗೊತ್ತು ಅಕ್ಕ, ದಿನಾ ಹಾಕ್ತೆ" ಎಂದೆ. ಅವರು ಕೈ ಮುಂದೆ ಮಾಡಿ, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡರು.

ನಾಯಿ ಮಾತ್ರ ಬರಲೊಲ್ಲೆ ಎಂದಿತ್ತು. ಸಭೆ ಮುಗಿಯುವ ತನಕ ಸರ್ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತ್ತು, ಅವರು ಕಾಲು ಎಳೆದುಕೊಂಡಲ್ಲೆಲ್ಲ ತೆವಳಿಕೊಂಡು ಹೋಗಿತ್ತು. ನಾನು ಎತ್ತಿಕೊಂಡೇ ಬರಬೇಕಾಯಿತು. ಸ್ಕೂಟರು ಗೇಟು ದಾಟುವಾಗ ನನ್ನ ತೋಳಿನ ಮೇಲಿಂದ ಹಿಂದೆ ತಿರುಗಿ ಬಾಯಿ ತೆಗೆದು ಮುಚ್ಚುತ್ತಿತ್ತು. ಎಂಜಿನ್ನಿನ ಸದ್ದಿನಲ್ಲಿ ಆ ಉಸಿರೂ ಕೇಳಿಸುತ್ತಿರಲಿಲ್ಲ, ಪಕ್ಕೆ ಅಲ್ಲಾಡುವುದು ಮಾತ್ರ ನನ್ನ ಎದೆಗೆ ತಾಗುತ್ತಿತ್ತು. ಹೆದ್ದಾರಿಯುದ್ದಕ್ಕೂ, ಕುಮಟೆ ಬರುವ ತನಕ, ಅವನು ಅವರನ್ನು ಕರೆಯುತ್ತಲೇ ಇದ್ದ.